‘ಪಾಯಿಂಟ್ ಅಂಡ್ ಕ್ಲಿಕ್’ ಸಾಹಸ ಆಟಗಳು: ಗುಣವೇನು, ದೋಷವೇನು?

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸುತ್ತಿದ್ದ ದಿನ ದ್ವಿತೀಯ ಪಿಯುಸಿಯ ಹಿಂದಿನ ಬೆಂಚಿನಿಂದ ಒಂದು ಮಾತು ಕೇಳಿಸಿತು: “ಸರ್, ಮೂವತ್ತೆರಡನೆಯ ಪ್ರಶ್ನೆ ಬೆಕ್ಕಿನ ಮೀಸೆ.” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದು ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಾಗ ನಗು ನಿಂತಿತು. ಹುಡುಗ ಹೇಳಿದ್ದು ಸರಿಯಾಗಿತ್ತು.

ಬೆಕ್ಕಿನ ಮೀಸೆ ಎಂದರೇನು ಎಂದು ಕೆಲವು ಸಹೋದ್ಯೋಗಿಗಳೂ ಪ್ರಥಮ ಪಿಯುಸಿಯ ಮಕ್ಕಳೂ ಕೇಳಿದ್ದಾರೆ. ಅದನ್ನು ವಿವರಿಸಲು ಹಳೆಯ ಒಂದು ಜಾತಿಯ ಕಂಪ್ಯೂಟರ್ ಆಟಗಳ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ. ಆಟವಾಡುವುದೇ ತಪ್ಪು ಎನ್ನುವವರು ಒಂದೆರಡು ಪುಟ ತಾಳಿಕೊಳ್ಳಬೇಕು. ಇಲ್ಲಿರುವುದು ಆಟಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ವಿದ್ಯೆಯ ವಿಷಯ.

ನಿಮ್ಮ ಮೊಬೈಲ್ ಆಟಗಳಲ್ಲಿ ಬೆರಳಿನ ವೇಗ ಮುಖ್ಯ. ಈ ಹಳೆಯ ಆಟಗಳಲ್ಲಿ ವೇಗಕ್ಕೆ ಬೆಲೆಯೇ ಇಲ್ಲ. ಪರದೆಯ ಮೇಲೆ ಒಂದು ಚಿತ್ರ ಇರುತ್ತದೆ, ಒಂದು ಬಂದರು ಅಥವಾ ಒಂದು ಹಳೆಯ ಮನೆ. ಅದರೊಳಗೆ ನಾವು ನಡೆಸುವ ಒಬ್ಬ ನಾಯಕ. ಮೌಸ್‌ನಿಂದ ಬಾಗಿಲನ್ನು ತೋರಿಸಿ ಒತ್ತಿದರೆ ಅವನು ಅಲ್ಲಿಗೆ ನಡೆಯುತ್ತಾನೆ. ವಸ್ತುವನ್ನು ತೋರಿಸಿದರೆ ಎತ್ತಿಕೊಳ್ಳುತ್ತಾನೆ, ಮನುಷ್ಯರನ್ನು ತೋರಿಸಿದರೆ ಮಾತನಾಡುತ್ತಾನೆ. ಎತ್ತಿಕೊಂಡದ್ದೆಲ್ಲ ಅವನ ಜೋಳಿಗೆಯಲ್ಲಿ ಉಳಿಯುತ್ತದೆ. ಯಾವ ವಸ್ತುವನ್ನು ಎಲ್ಲಿ ಬಳಸಿದರೆ ಕಥೆ ಮುಂದೆ ಸಾಗುತ್ತದೆ ಎಂದು ಯೋಚಿಸಿ ಕಂಡುಹಿಡಿಯುವುದೇ ಆಟ. ನಮ್ಮ ಅಜ್ಜಿಯರು ಹಾಕುತ್ತಿದ್ದ ಒಗಟಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ, ಇಲ್ಲಿ ಒಗಟುಗಳ ಒಂದು ಸರಪಳಿಯನ್ನೇ ಕಥೆಯಾಗಿ ಹೆಣೆದಿರುತ್ತಾರೆ ಅಷ್ಟೆ.

ಇದರ ಮೂಲ ನಿಜವಾದ ಒಂದು ಗುಹೆಯಲ್ಲಿದೆ. ಅಮೆರಿಕದ ಕೆಂಟುಕಿ ರಾಜ್ಯದಲ್ಲಿ ಮ್ಯಾಮತ್ ಕೇವ್ ಎಂಬ ಬಹು ಉದ್ದದ ಗುಹಾಜಾಲವಿದೆ. ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಗುಹೆ ಹೊಕ್ಕು ನಕ್ಷೆ ಬರೆಯುವ ಹವ್ಯಾಸದವನು. ವಿವಾಹ ವಿಚ್ಛೇದನದ ನಂತರ ತನ್ನಿಂದ ದೂರವಾಗಿದ್ದ ಹೆಣ್ಣುಮಕ್ಕಳು ಆಡಲಿ ಎಂದು 1975-76ರ ಹೊತ್ತಿಗೆ ಆ ಗುಹೆಯನ್ನೇ ಫೋರ್ಟ್ರಾನ್ ಭಾಷೆಯಲ್ಲಿ ಆಟವಾಗಿ ಬರೆದ. ಚಿತ್ರವಿಲ್ಲ, ಬರೀ ಪಠ್ಯ. ಎರಡು ಪದಗಳ ಆಜ್ಞೆ ಟೈಪ್ ಮಾಡಿದರೆ ಮುಂದೇನಾಯಿತು ಎಂದು ಯಂತ್ರ ಹೇಳುತ್ತದೆ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ವಿಸ್ತರಿಸಿದ. ‘ಅಡ್ವೆಂಚರ್’ ಎಂಬ ಅದರ ಹೆಸರೇ ಇಡೀ ಜಾತಿಗೆ ಹೆಸರಾಯಿತು. 1980ರಲ್ಲಿ ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿ ‘ಮಿಸ್ಟರಿ ಹೌಸ್’ ಎಂಬ ಆಟದಲ್ಲಿ ಪಠ್ಯದ ಜೊತೆ ಗೆರೆಚಿತ್ರಗಳನ್ನು ಸೇರಿಸಿದರು. ಅವರ ಸಿಯೆರಾ ಕಂಪನಿಯ ‘ಕಿಂಗ್ಸ್ ಕ್ವೆಸ್ಟ್’ 1984ರಲ್ಲಿ ಬಂತು. ಅದರಲ್ಲಿ ನಾಯಕ ಚಿತ್ರದೊಳಗೆ ಓಡಾಡುತ್ತಾನೆ, ಆಜ್ಞೆಯನ್ನು ಮಾತ್ರ ಆಗಲೂ ಟೈಪ್ ಮಾಡಬೇಕಿತ್ತು.

ಟೈಪ್ ಮಾಡುವುದರಲ್ಲಿ ಒಂದು ತೊಡಕಿತ್ತು. ಉತ್ತರ ಹೊಳೆದರೂ ಯಂತ್ರಕ್ಕೆ ತಿಳಿದಿರುವ ಪದವೇ ನಮ್ಮ ಬಾಯಿಗೆ ಬರಬೇಕು. ‘ಎಳೆ’ ಎಂದರೆ ಅರ್ಥವಾಗದು, ‘ಜಗ್ಗು’ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ ಎನ್ನುವ ಹಾಗೆ. ಇಂಗ್ಲಿಷ್ ಮನೆಮಾತಲ್ಲದವರ ಪಾಡನ್ನು ಊಹಿಸಿಕೊಳ್ಳಿ. 1987ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ‘ಮೇನಿಯಾಕ್ ಮ್ಯಾನ್ಷನ್’ ಮಾಡಿದಾಗ ಯಂತ್ರ ಬಲ್ಲ ಕ್ರಿಯಾಪದಗಳನ್ನೆಲ್ಲ ಪರದೆಯ ಕೆಳಗೇ ಬರೆದಿಟ್ಟರು. ಕ್ರಿಯಾಪದವನ್ನು ಒತ್ತಿ, ವಸ್ತುವನ್ನು ಒತ್ತಿದರೆ ವಾಕ್ಯ ತಾನೇ ಆಗುತ್ತದೆ. ಮೌಸ್ ಬಳಸುವ ಸಾಹಸ ಆಟಗಳು ಮ್ಯಾಕಿಂಟಾಷ್‌ನಲ್ಲಿ ಅದಕ್ಕೂ ಮೊದಲೇ ಇದ್ದವು, ‘ದೇಜಾ ವೂ’ 1985ರದು. ಆದರೆ ಮುಂದಿನ ಹತ್ತು ವರ್ಷ ನಡೆದದ್ದು ಹೆಚ್ಚಾಗಿ ಗಿಲ್ಬರ್ಟ್ ತೋರಿಸಿದ ದಾರಿಯಲ್ಲಿ.

ಇನ್ನು ಗುಣದ ಮಾತು. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯುತ್ತಮ 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’. ಗಿಲ್ಬರ್ಟ್ ಜೊತೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಸೇರಿ ಬರೆದದ್ದು. ಕಡಲ್ಗಳ್ಳನಾಗಬೇಕೆಂದು ಬಂದ ಒಬ್ಬ ಪೆದ್ದು ತರುಣನ ಕಥೆ. ಅದರಲ್ಲಿ ಒಂದು ಕತ್ತಿವರಸೆ ಇದೆ, ಅಲ್ಲಿ ಕತ್ತಿಗಿಂತ ನಾಲಿಗೆ ಹರಿತವಾಗಿರಬೇಕು. ಎದುರಾಳಿ ಒಂದು ಮೂದಲಿಕೆ ಎಸೆಯುತ್ತಾನೆ, ಅದಕ್ಕೆ ತಕ್ಕ ಮಾರುತ್ತರ ಕೊಟ್ಟರೆ ನಾವು ಮೇಲುಗೈ. ಆರಂಭದಲ್ಲಿ ನಮಗೆ ಯಾವ ಮಾರುತ್ತರವೂ ಗೊತ್ತಿರುವುದಿಲ್ಲ. ದಾರಿಯಲ್ಲಿ ಸಿಕ್ಕ ಕಳ್ಳರೊಡನೆ ಕಾದಾಡಿ, ಸೋತು, ಅವರ ಬಾಯಿಂದಲೇ ಒಂದೊಂದಾಗಿ ಕಲಿಯಬೇಕು. ಸೋತರೆ ನಷ್ಟವೇನೂ ಇಲ್ಲ, ಒಂದು ಹೊಸ ಮಾತು ಕಲಿತಿರುತ್ತೇವೆ. ಸಾಕಷ್ಟು ಕಲಿತ ಮೇಲೆ ದ್ವೀಪದ ಕತ್ತಿ ನಿಪುಣೆಯ ಎದುರು ನಿಲ್ಲುತ್ತೇವೆ. ಅವಳು ಎಸೆಯುವ ಮೂದಲಿಕೆಗಳಲ್ಲಿ ಒಂದನ್ನೂ ನಾವು ಕೇಳಿರುವುದಿಲ್ಲ! ಕ್ಷಣಕಾಲ ಮೋಸವಾಯಿತು ಎನಿಸುತ್ತದೆ. ಆಮೇಲೆ ಗಮನಿಸಿದರೆ, ಕಲಿತ ಹಳೆಯ ಮಾರುತ್ತರಗಳೇ ಈ ಹೊಸ ಮೂದಲಿಕೆಗಳಿಗೂ ಹೊಂದುತ್ತವೆ. ಬಾಯಿಪಾಠ ಮಾಡಿ ಬಂದವನು ತಡವರಿಸುತ್ತಾನೆ, ಮಾತಿನ ಅರ್ಥ ಹಿಡಿದವನು ಗೆಲ್ಲುತ್ತಾನೆ. ಇದಕ್ಕಿಂತ ಚೆನ್ನಾಗಿ ಸಿದ್ಧಪಡಿಸಿದ ‘ಅನ್ವಯ’ ಮಾದರಿಯ ಪ್ರಶ್ನೆಯನ್ನು ನಾನು ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಅಪರೂಪವಾಗಿ ಕಂಡಿದ್ದೇನೆ.

ಅದೇ ಆಟದ ಮೊದಲ ಭಾಗದಲ್ಲಿ ನಾಯಕನಿಗೆ ಮೂರು ಪರೀಕ್ಷೆಗಳಿವೆ: ಕತ್ತಿವರಸೆ, ಕಳ್ಳತನ, ನಿಧಿ ಹುಡುಕುವುದು. ಯಾವುದನ್ನು ಮೊದಲು ಮಾಡಬೇಕೆಂಬ ಕಟ್ಟಳೆಯಿಲ್ಲ. ಒಂದರಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೊಂದಕ್ಕೆ ಹೋಗಬಹುದು. ಹಾಗೆ ಹೋಗಿ ಬಂದಾಗ ಮೊದಲನೆಯದರ ಉತ್ತರ ತಾನಾಗಿ ಹೊಳೆದಿರುತ್ತದೆ. ಗಣಿತದ ಪತ್ರಿಕೆಯಲ್ಲಿ ಒಂದು ಲೆಕ್ಕ ಬಿಟ್ಟು ಮುಂದೆ ಹೋಗಿ ಮರಳಿದವರಿಗೆ ಈ ಅನುಭವ ಇದ್ದೇ ಇರುತ್ತದೆ.

ಮತ್ತೊಂದು ಉದಾಹರಣೆ, 1993ರ ‘ಡೇ ಆಫ್ ದ ಟೆಂಟಕಲ್’. ಒಂದೇ ಮನೆ, ಮೂರು ಕಾಲ. ಒಬ್ಬ ಇಂದಿನಲ್ಲಿದ್ದಾನೆ, ಒಬ್ಬ ಇನ್ನೂರು ವರ್ಷ ಹಿಂದೆ, ಒಬ್ಬಳು ಇನ್ನೂರು ವರ್ಷ ಮುಂದೆ. ಭವಿಷ್ಯದಲ್ಲಿರುವ ಹುಡುಗಿ ಒಂದು ಮರಕ್ಕೆ ಸಿಕ್ಕಿಕೊಂಡು ನೇತಾಡುತ್ತಿದ್ದಾಳೆ. ಅವಳನ್ನು ಇಳಿಸುವುದು ಹೇಗೆ? ಇನ್ನೂರು ವರ್ಷ ಹಿಂದೆ ಆ ಮರವನ್ನು ಕಡಿಸಿಬಿಟ್ಟರೆ ಆಯಿತು. ಆಗ ಆ ಮನೆಯಲ್ಲಿ ಜಾರ್ಜ್ ವಾಷಿಂಗ್ಟನ್ ಇದ್ದಾನೆ. ಬಾಲ್ಯದಲ್ಲಿ ಚೆರ್ರಿ ಮರ ಕಡಿದ ಕಥೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಈ ಮರ ಕುಮ್‌ಕ್ವಾಟ್ ಎಂಬ ಪುಟ್ಟ ಕಿತ್ತಳೆ ಜಾತಿಯದು. ಹಣ್ಣುಗಳಿಗೆ ಕೆಂಪು ಬಣ್ಣ ಬಳಿದರೆ ಚೆರ್ರಿ ಎಂದುಕೊಂಡು ಅವನು ಕೊಡಲಿ ಹಾಕುತ್ತಾನೆ. ಅಲ್ಲಿ ಮರ ಬಿದ್ದೊಡನೆ ಇಲ್ಲಿ ಮರವೇ ಇಲ್ಲವಾಗಿ ಹುಡುಗಿ ನೆಲಕ್ಕೆ ಬೀಳುತ್ತಾಳೆ. ಹುಚ್ಚು ಎನ್ನಿ, ಆದರೆ ಆ ಹುಚ್ಚಿಗೆ ತನ್ನದೇ ನಿಯಮವಿದೆ, ಆ ನಿಯಮವನ್ನು ಆಟ ಎಲ್ಲಿಯೂ ಮುರಿಯುವುದಿಲ್ಲ. ಉತ್ತರ ತಿಳಿದ ಮೇಲೆ ‘ಅಯ್ಯೋ, ಇದು ನನಗೆ ಹೊಳೆಯಬೇಕಿತ್ತು’ ಎನಿಸುತ್ತದೆ. ಒಳ್ಳೆಯ ಒಗಟಿನ ಗುರುತು ಇದೇ ಎಂದು ನಾನು ತಿಳಿದಿದ್ದೇನೆ.

ಕುತೂಹಲಕ್ಕೆ ಸಿಗುವ ಮನ್ನಣೆಯೂ ದೊಡ್ಡದು. ಕಥೆಗೆ ಬೇಕಿಲ್ಲದ ವಸ್ತುವನ್ನು ನೋಡಿದರೂ ನಾಯಕ ಏನೋ ಒಂದು ಚಮತ್ಕಾರದ ಮಾತು ಹೇಳುತ್ತಾನೆ. ಹೀಗಾಗಿ ಸುಮ್ಮನೆ ಗೋಡೆ, ಕಪಾಟು, ಫಲಕಗಳನ್ನು ಓದುತ್ತಾ ಅಡ್ಡಾಡುವುದೂ ಆಟವಾಗುತ್ತದೆ. ನಮ್ಮ ಲ್ಯಾಬ್‌ನಲ್ಲಿ ಇಂಗ್ಲಿಷ್ ಎಂದರೆ ಹೆದರುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಪ್ರತಿ ವಸ್ತುವಿನ ವಿವರಣೆ ಓದುತ್ತಿದ್ದುದನ್ನು ನೋಡಿದ್ದೇನೆ. ಯಾರೂ ಅವಳಿಗೆ ಓದು ಎಂದು ಹೇಳಿರಲಿಲ್ಲ.

ದೋಷಗಳಿಗೆ ಬರೋಣ. ಮೊದಲು ಲೆಕ್ಕ. ಒಂದು ಆಟದಲ್ಲಿ 9 ಕ್ರಿಯಾಪದ, ಒಂದೊಂದು ಕೋಣೆಯಲ್ಲಿ 10 ವಸ್ತು, ಜೋಳಿಗೆಯಲ್ಲಿ 15 ಸಾಮಾನು ಎಂದಿಟ್ಟುಕೊಳ್ಳಿ. ಕೋಣೆಯ ಪ್ರತಿ ವಸ್ತುವಿನ ಮೇಲೆ ಪ್ರತಿ ಕ್ರಿಯಾಪದ ಹಾಕಿದರೆ 90. ಜೋಳಿಗೆಯ ಪ್ರತಿ ಸಾಮಾನನ್ನು ಕೋಣೆಯ ಪ್ರತಿ ವಸ್ತುವಿಗೆ ಬಳಸಿದರೆ 150. ಒಟ್ಟು ಒಂದು ಕೋಣೆಗೆ 240, ಹತ್ತು ಕೋಣೆಗೆ 2,400. ಜೋಳಿಗೆಯ ಸಾಮಾನುಗಳನ್ನೇ ಎರಡೆರಡಾಗಿ ಜೋಡಿಸುವ ವಿಧಗಳು 105 (ಹೇಗೆ ಎಂದು ಕಾಂಬಿನೇಷನ್ ಪಾಠ ಓದಿದವರು ಹೇಳಲಿ). ಎಲ್ಲ ಸೇರಿ 2,505. ಒಂದೊಂದಕ್ಕೆ ಐದು ಸೆಕೆಂಡ್ ಎಂದರೂ ಸುಮಾರು ಮೂರೂವರೆ ಗಂಟೆ. ಇದು ಅಸಾಧ್ಯದ ಕೆಲಸವಲ್ಲ, ಬೇಸರದ ಕೆಲಸ. ಒಗಟು ತರ್ಕಕ್ಕೆ ಸಿಗದಿದ್ದಾಗ ಆಟಗಾರ ಯೋಚನೆ ನಿಲ್ಲಿಸಿ ಇದ್ದದ್ದನ್ನೆಲ್ಲ ಇದ್ದದ್ದಕ್ಕೆಲ್ಲ ತಿಕ್ಕಿ ನೋಡಲು ಆರಂಭಿಸುತ್ತಾನೆ. ಬಹು ಆಯ್ಕೆ ಪ್ರಶ್ನೆಗಳಿಗೆ ‘ಎಲ್ಲದಕ್ಕೂ ಸಿ’ ಎಂದು ಬರೆದು ಏಳುವವರ ಮನಃಸ್ಥಿತಿ ಅದು.

ಕೆಲವೊಮ್ಮೆ ತಿಕ್ಕುವ ಮೊದಲು ವಸ್ತು ಕಣ್ಣಿಗೇ ಬೀಳುವುದಿಲ್ಲ. ಆ ಕಾಲದ ಹೆಚ್ಚಿನ ಆಟಗಳ ಪರದೆ 320ಕ್ಕೆ 200, ಅಂದರೆ 64,000 ಚುಕ್ಕೆಗಳು. ಅದರಲ್ಲಿ ಒಂದು ಬೀಗದ ಕೈ ಒಂಬತ್ತು ಚುಕ್ಕೆಯಷ್ಟು ಇದ್ದರೆ, ಪರದೆಯ ಏಳು ಸಾವಿರದಲ್ಲಿ ಒಂದು ಪಾಲು. ಅದನ್ನು ಹುಡುಕುತ್ತಾ ಮೌಸನ್ನು ಸಾಲು ಸಾಲಾಗಿ ಗುಡಿಸಿದಂತೆ ಓಡಿಸಬೇಕು. ಇದರಲ್ಲಿ ಬುದ್ಧಿಗೆ ಕೆಲಸವಿಲ್ಲ.

ಇದಕ್ಕಿಂತ ಕೆಟ್ಟದ್ದು, ಸೋತಿದ್ದೇವೆ ಎಂದು ತಿಳಿಸದೆ ಸೋಲಿಸುವುದು. 1990ರ ‘ಕಿಂಗ್ಸ್ ಕ್ವೆಸ್ಟ್ 5’ರಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಆ ಕೆಲವೇ ಕ್ಷಣಗಳಲ್ಲಿ ಬೆಕ್ಕಿನತ್ತ ಏನನ್ನಾದರೂ ಎಸೆದು ಇಲಿಯನ್ನು ಉಳಿಸಬೇಕು. ಉಳಿಸದಿದ್ದರೆ ಆಗ ಏನೂ ಆಗುವುದಿಲ್ಲ. ಬಹಳ ಹೊತ್ತಿನ ಮೇಲೆ ನಾಯಕನನ್ನು ಕಟ್ಟಿ ನೆಲಮಾಳಿಗೆಗೆ ತಳ್ಳಿದಾಗ ಹಗ್ಗ ಕಡಿಯಲು ಬರಬೇಕಾದದ್ದು ಅದೇ ಇಲಿ. ಅದು ಸತ್ತಿದ್ದರೆ ಅಲ್ಲಿಗೆ ಮುಗಿಯಿತು. ಅದೇ ಆಟದಲ್ಲಿ ಹಸಿವಾದಾಗ ಕೈಲಿದ್ದ ಸಿಹಿ ಕಡುಬನ್ನು ತಿಂದುಬಿಟ್ಟರೂ ಗತಿ ಅದೇ, ಏಕೆಂದರೆ ಮುಂದೆ ಹಿಮಮಾನವ ಎದುರಾದಾಗ ಆ ಕಡುಬನ್ನು ಅವನ ಮುಖಕ್ಕೆ ಎಸೆಯಬೇಕು! ಹಿಂದಿನಿಂದ ಉಳಿಸಿಟ್ಟ ಆಟ ಇಲ್ಲದವರು ಮೊದಲಿನಿಂದ ಆರಂಭಿಸಬೇಕಿತ್ತು. ಸಿಯೆರಾ ಇಂಥ ಆಟಗಳಿಗೆ ಸುಳಿವಿನ ಪುಸ್ತಕಗಳನ್ನೂ ಪ್ರತ್ಯೇಕವಾಗಿ ಮಾರುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಭಾಷೆಯ ತೊಡಕು ನಮಗೆ ಹೆಚ್ಚು ಸಂಬಂಧಿಸಿದ್ದು. ನಾನು ಮೆಚ್ಚುವ ತಂಡವೇ 1991ರ ‘ಮಂಕಿ ಐಲ್ಯಾಂಡ್ 2’ರಲ್ಲಿ ಎಡವಿದೆ. ಜಲಪಾತವನ್ನು ನಿಲ್ಲಿಸಲು ಒಂದು ಪಂಪಿನ ನಟ್ಟನ್ನು ತಿರುಗಿಸಬೇಕು. ಉಪಕರಣ ಎಲ್ಲಿದೆ? ಬೇರೊಂದು ದ್ವೀಪದಲ್ಲಿ ಪಿಯಾನೋ ನುಡಿಸುವ ಒಂದು ಕೋತಿ ಇದೆ. ತಾಳ ಹಾಕುವ ಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿದರೆ ಅದನ್ನೇ ನೋಡುತ್ತಾ ಕೋತಿ ಮರಗಟ್ಟಿ ಕೂರುತ್ತದೆ. ಅದನ್ನು ಎತ್ತಿಕೊಂಡು ಬಂದು ನಟ್ಟು ತಿರುಗಿಸಬೇಕು. ಏಕೆಂದರೆ ಅಮೆರಿಕದಲ್ಲಿ ಒಂದು ಜಾತಿಯ ಸ್ಪ್ಯಾನರ್‌ಗೆ ‘ಮಂಕಿ ರೆಂಚ್’ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಅದು ಪಾನಾ, ಇಲ್ಲವೇ ಸ್ಪ್ಯಾನರ್. ಎಷ್ಟು ತಲೆ ಕೆರೆದುಕೊಂಡರೂ ಪಾನಾದಿಂದ ಕೋತಿಗೆ ದಾರಿಯಿಲ್ಲ. ಬ್ರಿಟನ್ನಿನವರಿಗೂ ಇದೇ ಕಷ್ಟ. ಶ್ಲೇಷೆಯ ಮೇಲೆ ನಿಂತ ಒಗಟು ಆ ಭಾಷೆಯ ಊರಿನ ಗಡಿ ದಾಟುವುದಿಲ್ಲ. ನಮ್ಮ ಕನ್ನಡದ ಒಗಟುಗಳನ್ನು ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಲು ಹೋದವರಿಗೆ ಇದು ಗೊತ್ತು.

ಈಗ ಬೆಕ್ಕಿನ ಮೀಸೆ. 1999ರ ‘ಗೇಬ್ರಿಯಲ್ ನೈಟ್ 3’, ಜೇನ್ ಜೆನ್ಸನ್ ಅವರ ಆಟ, ಫ್ರಾನ್ಸಿನ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ಕಥೆ ಬಹಳ ಚೆನ್ನಾಗಿದೆ. ನಾಯಕನಿಗೆ ಬಾಡಿಗೆಗೆ ಒಂದು ಮೋಟಾರ್ ಸೈಕಲ್ ಬೇಕು, ಅದು ಅವನ ಗೆಳೆಯನ ಹೆಸರಿನಲ್ಲಿ ಕಾಯ್ದಿರಿಸಿದೆ. ಆದ್ದರಿಂದ ಗೆಳೆಯನ ವೇಷ ಹಾಕಬೇಕು. ಇಲ್ಲಿಯವರೆಗೆ ಸರಿ. ಮುಂದಿನ ಹೆಜ್ಜೆ: ಶೆಡ್ಡಿನ ಬಾಗಿಲಿನ ತೂತಿಗೆ ಅಂಟುಪಟ್ಟಿ ಹಚ್ಚಿ, ಒಂದು ಬೆಕ್ಕನ್ನು ಬೆದರಿಸಿ ಆ ತೂತಿನಲ್ಲಿ ನುಗ್ಗುವಂತೆ ಮಾಡಿ, ಪಟ್ಟಿಗೆ ಅಂಟಿದ ಕೂದಲನ್ನು ತೆಗೆದು, ಸಿಹಿ ಪಾಕದಿಂದ ಅದನ್ನು ಮೂಗಿನ ಕೆಳಗೆ ಮೀಸೆಯಾಗಿ ಅಂಟಿಸಿಕೊಳ್ಳುವುದು. ಆದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟ್ ಕದ್ದು ಅದರ ಚಿತ್ರಕ್ಕೂ ಮಾರ್ಕರ್ ಪೆನ್ನಿನಿಂದ ಮೀಸೆ ಬರೆಯಬೇಕು. ಇದು ಪ್ರತಿ ಹೆಜ್ಜೆಯಲ್ಲೂ ತಯಾರಕರ ಮನಸ್ಸನ್ನು ಊಹಿಸುವ ಕೆಲಸ. ನಾನು ಈ ಭಾಗವನ್ನು ಲ್ಯಾಬ್‌ನಲ್ಲಿ ಕಥೆಯಂತೆ ಹೇಳಿದ ದಿನದಿಂದ ಅದು ನಮ್ಮ ತರಗತಿಯ ಗಾದೆಯಾಗಿದೆ.

ಮೂವತ್ತೆರಡನೆಯ ಪ್ರಶ್ನೆ ಇಷ್ಟೇ: ಪೈಥಾನ್‌ನಲ್ಲಿ ಒಂದು ಕಡತವನ್ನು ಓದಿ ಅದರಲ್ಲಿರುವ ಹೆಸರುಗಳನ್ನು ಎಣಿಸುವ ಪ್ರೋಗ್ರಾಂ ಬರೆಯಿರಿ, ಐದು ಅಂಕ. ನಾನು ಸಿದ್ಧಪಡಿಸಿದ ಉತ್ತರದಲ್ಲಿ ಕಡತದ ಕೊನೆಗೆ ಒಂದು ಖಾಲಿ ಸಾಲು ಇದೆಯೆಂದು ಇಟ್ಟುಕೊಂಡು ಅದನ್ನು ಬಿಡುವ ಷರತ್ತು ಇತ್ತು, ಅದಕ್ಕೆ ಎರಡು ಅಂಕ. ಖಾಲಿ ಸಾಲಿನ ವಿಷಯ ಪ್ರಶ್ನೆಯಲ್ಲಿ ಇರಲಿಲ್ಲ. ಎರಡನೆಯ ಬ್ಯಾಚಿನ ಲ್ಯಾಬ್‌ನಲ್ಲಿ ಒಂದು ದಿನ ಬಾಯಿಮಾತಿನಲ್ಲಿ ಹೇಳಿದ್ದೆ. ಮೊದಲನೆಯ ಬ್ಯಾಚಿನಲ್ಲಿ ಒಬ್ಬರಿಗೂ ಆ ಎರಡು ಅಂಕ ಬಂದಿರಲಿಲ್ಲ. ಅವರು ಸತ್ತ ಇಲಿಯನ್ನು ಕಾಯುತ್ತಿದ್ದರು. ಅಂಕಗಳನ್ನು ಸರಿಪಡಿಸಿದ್ದೇನೆ.

ಈ ದೋಷಗಳು ತಯಾರಕರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. 1989ರಲ್ಲೇ ಗಿಲ್ಬರ್ಟ್ ಸಾಹಸ ಆಟಗಳು ಏಕೆ ಕೆಟ್ಟಿವೆ ಎಂದು ಒಂದು ಪ್ರಬಂಧ ಬರೆದಿದ್ದ. ಅದರಲ್ಲಿ ನನಗೆ ಹಿಡಿಸಿದ ವಿಚಾರ, ಸಮಸ್ಯೆ ಮೊದಲು ಕಾಣಬೇಕು, ಪರಿಹಾರ ಆಮೇಲೆ ಸಿಗಬೇಕು ಎಂಬುದು. ಮೊದಲು ಕಂದಕ ಕಂಡರೆ ‘ಹಗ್ಗ ಬೇಕಲ್ಲ’ ಎಂದು ಹುಡುಕುತ್ತೇವೆ, ಹಗ್ಗ ಸಿಕ್ಕಾಗ ಸಂತೋಷ. ಹಗ್ಗವೇ ಮೊದಲು ಸಿಕ್ಕಿಬಿಟ್ಟರೆ ಕಂದಕಕ್ಕೆ ಬಂದಾಗ ಸುಮ್ಮನೆ ಬಳಸುತ್ತೇವೆ, ಒಗಟೇ ಉಳಿಯುವುದಿಲ್ಲ. ಸತ್ತು ಕಲಿಯುವ ಅಗತ್ಯ ಬೀಳಬಾರದು, ಮುಂದೆ ಬೇಕಾಗುವ ವಸ್ತುವನ್ನು ಬಿಟ್ಟುಬಂದರೆ ಮರಳಲು ದಾರಿ ಇರಬೇಕು ಎಂದೂ ಅವನ ವಾದ. ಅವನ ‘ಮೇನಿಯಾಕ್ ಮ್ಯಾನ್ಷನ್’ನಲ್ಲೇ ಈ ತಪ್ಪುಗಳು ಇದ್ದವು, ಮುಂದಿನ ವರ್ಷದ ‘ಮಂಕಿ ಐಲ್ಯಾಂಡ್’ನಲ್ಲಿ ತಿದ್ದಿಕೊಂಡ. ಅಲ್ಲಿ ನಾಯಕ ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ನೀರಿನಡಿ ನಿಜವಾಗಿಯೂ ಹತ್ತು ನಿಮಿಷ ಬಿಟ್ಟರೆ ಮಾತ್ರ ಸಾಯುತ್ತಾನೆ.

ಗಿಲ್ಬರ್ಟ್ ಬಳಸುತ್ತಿದ್ದ ಇನ್ನೊಂದು ಸಾಧನ ಅವಲಂಬನೆಯ ನಕ್ಷೆ. ಯಾವ ಕೆಲಸಕ್ಕೆ ಮೊದಲು ಯಾವುದು ಮುಗಿದಿರಬೇಕು ಎಂದು ಚೌಕಗಳನ್ನೂ ಬಾಣಗಳನ್ನೂ ಬರೆಯುವುದು. ಬಾಣಗಳು ಒಂದೇ ಸಾಲಾಗಿ ಇಳಿದರೆ ಆಟಗಾರ ಒಂದು ಕಡೆ ನಿಂತೊಡನೆ ಎಲ್ಲವೂ ನಿಲ್ಲುತ್ತದೆ. ಕವಲೊಡೆದು ಮತ್ತೆ ಕೂಡಿದರೆ ಉಸಿರಾಡಲು ಜಾಗವಿರುತ್ತದೆ. ಬಾಣಗಳು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಆಟ ಮುಗಿಯುವುದೇ ಇಲ್ಲ. ಕಂಪ್ಯೂಟರ್ ಸೈನ್ಸ್ ಓದಲು ಹೋಗುವವರಿಗೆ ಈ ಚಿತ್ರ ಗ್ರಾಫ್ ಎಂಬ ಹೆಸರಿನಲ್ಲಿ ಮತ್ತೆ ಎದುರಾಗುತ್ತದೆ.

ತೊಂಬತ್ತರ ದಶಕದ ಕೊನೆಗೆ ಈ ಆಟಗಳ ಮಾರುಕಟ್ಟೆ ಕುಸಿಯಿತು. ಅಣ್ಣತಮ್ಮಂದಿರಾದ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಮಾಡಿದ 1993ರ ‘ಮಿಸ್ಟ್’ 2002ರವರೆಗೂ ಅತಿ ಹೆಚ್ಚು ಮಾರಾಟವಾದ ಪಿಸಿ ಆಟವಾಗಿತ್ತು ನಿಜ. ಆದರೆ ಉಳಿದವುಗಳನ್ನು ‘ಡೂಮ್’ ಮಾದರಿಯ ವೇಗದ ಆಟಗಳು ಬದಿಗೆ ಸರಿಸಿದವು. ವೇಗವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ನ್ಯಾಯವಿಲ್ಲದ ಒಗಟುಗಳಿಗೆ ಜನ ಬೇಸತ್ತಿದ್ದರು, ಅಂತರಜಾಲ ಬಂದ ಮೇಲೆ ಉತ್ತರ ನೋಡುವುದು ಸುಲಭವಾಯಿತು, ಒಮ್ಮೆ ನೋಡಿದ ಒಗಟಿಗೆ ಮತ್ತೆ ಜೀವವಿಲ್ಲ. 2012ರಲ್ಲಿ ಟಿಮ್ ಶೇಫರ್ ಅವರ ಕಂಪನಿ ಹೊಸ ಸಾಹಸ ಆಟಕ್ಕಾಗಿ ಜನರಿಂದ 4 ಲಕ್ಷ ಡಾಲರ್ ಕೇಳಿತು, 87 ಸಾವಿರಕ್ಕೂ ಹೆಚ್ಚು ಮಂದಿ 33 ಲಕ್ಷ ಡಾಲರ್ ಕೊಟ್ಟರು. ಜೆಕ್ ದೇಶದ ಅಮಾನಿಟಾ ಡಿಸೈನ್ 2009ರಲ್ಲಿ ಮಾಡಿದ ‘ಮಷಿನೇರಿಯಂ’ನಲ್ಲಿ ಸಂಭಾಷಣೆಯ ಪದಗಳೇ ಇಲ್ಲ, ಪುಟ್ಟ ರೋಬೋ ಚಿತ್ರಗಳಲ್ಲೇ ಯೋಚಿಸುತ್ತದೆ. ಅದರಲ್ಲಿ ಉತ್ತರದ ಪುಸ್ತಕವೂ ಇದೆ. ತೆರೆಯಬೇಕಾದರೆ ಮಾತ್ರ ಪ್ರತಿ ಸಲ ಒಂದು ಬೇಸರದ ಚಿಕ್ಕ ಆಟ ಆಡಬೇಕು. ಉತ್ತರ ಬೇಡ ಎನ್ನುವುದಿಲ್ಲ, ಇನ್ನೊಂದು ನಿಮಿಷ ಯೋಚಿಸುವುದೇ ಸುಲಭ ಎನಿಸುವಂತೆ ಮಾಡುತ್ತದೆ.

ಹಳೆಯವುಗಳನ್ನು ನೋಡಬೇಕೆನ್ನುವವರಿಗೆ ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶವಿದೆ, 2001ರಿಂದ ಸ್ವಯಂಸೇವಕರು ಬೆಳೆಸಿದ್ದು. 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಟವನ್ನು ಅದರ ತಯಾರಕರೇ ಇದರ ಮೂಲಕ ಉಚಿತವಾಗಿ ಕೊಟ್ಟಿದ್ದಾರೆ, ಕದ್ದ ಪ್ರತಿ ಹುಡುಕಬೇಕಾಗಿಲ್ಲ. ಲ್ಯಾಬ್‌ನ ಕಿಟಕಿ ಪಕ್ಕದ ಎರಡು ಕಂಪ್ಯೂಟರ್‌ಗಳಲ್ಲಿ ಹಾಕಿದ್ದೇನೆ. ಶನಿವಾರ ತರಗತಿಗಳು ಮುಗಿದ ಮೇಲೆ ಒಂದು ಗಂಟೆ, ಒಂದು ಕಂಪ್ಯೂಟರ್‌ಗೆ ನಾಲ್ಕು ಮಂದಿ. ಮೊಬೈಲ್‌ಗಳು ನನ್ನ ಮೇಜಿನ ಮೇಲೆ ಇರಲಿ. ಬರುವವರು ಒಂದು ಹಾಳೆ ಮತ್ತು ಪೆನ್ಸಿಲ್ ತಂದು ಅವಲಂಬನೆಯ ನಕ್ಷೆ ಬರೆಯುತ್ತಾ ಆಡಬೇಕು. ಮೂವತ್ತೆರಡನೆಯ ಪ್ರಶ್ನೆಯನ್ನು ಹೊಸದಾಗಿ ಬರೆದು ಲ್ಯಾಬ್‌ನ ಬಾಗಿಲಿಗೆ ಅಂಟಿಸಿದ್ದೇನೆ. ಅದೂ ಬೆಕ್ಕಿನ ಮೀಸೆಯೇ ಎನಿಸಿದರೆ ಕಾರಣ ಬರೆದು ಅದರ ಕೆಳಗೇ ಅಂಟಿಸಿ.